ನಾನು ತಿದ್ದಿದ ರಸಾಯನಶಾಸ್ತ್ರ

ಕಡಿಮೆ ಓದಿದವನ ಕೈಗೆ ಕತ್ತಿ ಕೊಟ್ಟರೂ ಚಿಂತೆಯಿಲ್ಲ, ಕೆಂಪು ಪೆನ್ನು ಮಾತ್ರ ಕೊಡಬಾರದು. ಕತ್ತಿ ಹಿಡಿದವನನ್ನು ಕಂಡರೆ ಜನ ದೂರ ಸರಿಯುತ್ತಾರೆ. ಕೆಂಪು ಪೆನ್ನು ಹಿಡಿದವನ ಮುಂದೆ ತಾವಾಗಿಯೇ ಬಂದು ತಲೆ ಬಗ್ಗಿಸುತ್ತಾರೆ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಬಿಟ್ಟವನು ಎಂಬುದು ನನ್ನ ಮಾತು. ಶಾಲೆಯೇ ನನ್ನನ್ನು ಬಿಟ್ಟಿತು ಎಂದು ನಮ್ಮವ್ವ ತಿದ್ದುತ್ತಿದ್ದಳು. ಅಂಥವನು ಒಂದು ವರ್ಷ ಹತ್ತನೆಯ ತರಗತಿಯ ಮಕ್ಕಳ ರಸಾಯನಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದಿದ್ದೇನೆ ಎಂದರೆ ನೀವು ನಗಬಹುದು. ನಗಿ. ನಾನೂ ಮೊದಮೊದಲು ನಗುತ್ತಲೇ ತಿದ್ದುತ್ತಿದ್ದೆ.

ನನ್ನ ತಂಗಿ ಸುಧಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಅವಳನ್ನು ನಾನೇ ಓದಿಸಿದೆ ಎಂದು ಊರ ಕಡೆಯ ನೆಂಟರ ಮುಂದೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿಜವಾಗಿ ಓದಿಸಿದ್ದು ಅವ್ವ ಮನೆಮನೆಗೆ ಮಾಡಿಕೊಟ್ಟ ಜೋಳದ ರೊಟ್ಟಿ. ಗದಗಿನ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ನೆಲೆಯೂರಿದ ನಮ್ಮ ಮನೆಯಲ್ಲಿ ಈಗ ಉಳಿದವರು ನಾವಿಬ್ಬರೇ. ಇಬ್ಬರಿಗೂ ಮದುವೆಯಾಗಲಿಲ್ಲ. ಅವಳಿಗೆ ಪುರಸೊತ್ತು ಸಿಗಲಿಲ್ಲ, ನನಗೆ ಹೆಣ್ಣು ಸಿಗಲಿಲ್ಲ. ಒಂದು ಹಾಲ್, ಒಂದು ಬೆಡ್‌ರೂಮು, ಒಂದು ಅಡುಗೆಮನೆ. ಸಂಜೆ ನಾಲ್ಕಕ್ಕೆ ಹಾಲ್ ಸುಧಾಳ ಟ್ಯೂಶನ್ ಕ್ಲಾಸಾಗುತ್ತದೆ. ಇಪ್ಪತ್ತು ಜೊತೆ ಚಪ್ಪಲಿ ಮೆಟ್ಟಿಲ ಮೇಲೆ, ಇಪ್ಪತ್ತು ಮಕ್ಕಳು ಚಾಪೆಯ ಮೇಲೆ, ನಾನು ಅಡುಗೆಮನೆಯ ಸ್ಟೂಲಿನ ಮೇಲೆ. ಪಾಠ ನಡೆಯುವಾಗ ಕುಕ್ಕರ್ ಸೀಟಿ ಹೊಡೆಯಬಾರದೆಂದು ಸುಧಾಳ ಕಟ್ಟಪ್ಪಣೆ. ಹಾಗಾಗಿ ಸೀಟಿ ಬರುವ ಮೊದಲೇ ಒಲೆ ಆರಿಸುವ ವಿದ್ಯೆ ಕಲಿತೆ. ಅನ್ನ ಅರೆಬೆಂದೇ ಇರುತ್ತಿತ್ತು. ಆ ಮನೆಯಲ್ಲಿ ಅರೆಬೆಂದದ್ದು ಅನ್ನ ಒಂದೇ ಅಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ.

ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ನಾನು ಭಿವಂಡಿಯ ಒಂದು ಗೋದಾಮಿನಲ್ಲಿ ಚೆಕ್ಕರ್ ಆಗಿದ್ದೆ. ಚೆಕ್ಕರ್ ಎಂದರೆ ಕೈಯಲ್ಲಿ ಚಲನ್, ಅಂದರೆ ಸರಕಿನ ಪಟ್ಟಿ, ಹಿಡಿದು ಗಾಡಿಯ ಬಾಯಿಗೆ ನಿಲ್ಲುವವನು. ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿರುವ ಇಂಗ್ಲಿಷ್ ಅಕ್ಷರ, ಅಂಕಿಗಳು ಚಲನ್ನಿನಲ್ಲಿ ಇದ್ದಂತೆಯೇ, ಅದೇ ಸಾಲಿನಲ್ಲಿ ಇರಬೇಕು. ಇದ್ದರೆ ಒಳಗೆ, ಒಂದು ಅಕ್ಷರ ಹಿಂದೆ ಮುಂದೆ ಆದರೆ ಹೊರಗೆ. ಪೆಟ್ಟಿಗೆಯಲ್ಲಿ ಬಂಗಾರವಿದೆಯೋ ಜಲ್ಲಿಯಿದೆಯೋ ನಮಗೆ ಸಂಬಂಧವಿಲ್ಲ. ನನಗೆ ಇಂಗ್ಲಿಷ್ ಓದಲು ಬಾರದು, ಆದರೆ ಇಂಗ್ಲಿಷನ್ನು ತಾಳೆ ನೋಡಲು ನನ್ನಷ್ಟು ಚೆನ್ನಾಗಿ ಬರುವವನು ಆ ಗೋದಾಮಿನಲ್ಲಿ ಇರಲಿಲ್ಲ. ಓದಲು ಬರುವವರು ಅರ್ಥ ಮಾಡಿಕೊಂಡು ಮೋಸಹೋಗುತ್ತಿದ್ದರು. ನನಗೆ ಆ ಅಪಾಯ ಇರಲಿಲ್ಲ. ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮನೆಯಲ್ಲಿ ಕೂತೆ.

ಆ ವರ್ಷ ಸುಧಾಳ ಬಲಭುಜ ಹಿಡಿದುಕೊಂಡಿತು. ಬರೆಯುವುದನ್ನು ಕಡಿಮೆ ಮಾಡಿ ಎಂದರು ಡಾಕ್ಟರು. ಅದೇ ವರ್ಷ ದೂರದ ಖಾರಘರದಲ್ಲಿ ಇನ್ನೊಂದು ಬ್ಯಾಚು ಒಪ್ಪಿಕೊಂಡಿದ್ದಳು. ವಾರಕ್ಕೆ ಮೂರು ದಿನ ಲೋಕಲ್ ರೈಲಿನಲ್ಲಿ ಥಾಣೆಗೆ ಹೋಗಿ, ಗಾಡಿ ಬದಲಿಸಿ, ನಿಂತುಕೊಂಡೇ ಹೋಗಿ ಬರುವುದು. ಪ್ರತಿ ಪಾಠ ಮುಗಿದ ಮೇಲೆ ನಲವತ್ತು ಅಂಕಗಳ ಟೆಸ್ಟು ಕೊಡುವುದು ಅವಳ ಪದ್ಧತಿ. ಆ ಪತ್ರಿಕೆಗಳ ಕಟ್ಟು ಟೀಪಾಯಿಯ ಮೇಲೆ ಬೆಳೆಯುತ್ತಿತ್ತು. ನಾನೇ ಹೇಳಿದೆ, ನೀನು ಮಾದರಿ ಉತ್ತರ ಬರೆದುಕೊಡು, ತಾಳೆ ನೋಡುವ ಕೆಲಸ ನನಗೆ ಬಿಡು ಎಂದು. ಅವಳು ಒಂದು ವಾರ ಒಪ್ಪಲಿಲ್ಲ. ಆಮೇಲೆ ಭುಜ ಅವಳ ಪರವಾಗಿ ಒಪ್ಪಿಕೊಂಡಿತು. ಎರಡು ಷರತ್ತು ಹಾಕಿದಳು. ಮೊದಲನೆಯದು, ಯಾರಿಗೂ ಗೊತ್ತಾಗಕೂಡದು. ಎರಡನೆಯದನ್ನು ಅವಳ ಮಾತಿನಲ್ಲೇ ಹೇಳುತ್ತೇನೆ: "ಯಣ್ಣಾ, ಒಂಚೂರು ಅನುಮಾನ ಬಂದ್ರೂ ಪೆನ್ಸಿಲ್‌ಲೇ ಗೆರಿ ಹೊಡದು ಬಾಜೂಕ ಇಡು. ನಾ ನೋಡತೀನಿ."

ಮೊದಲ ಟೆಸ್ಟಿನಲ್ಲಿ ಎಲ್ಲದಕ್ಕೂ ಅನುಮಾನ ಬಂತು. ಪತ್ರಿಕೆಗಳೆಲ್ಲ ಪೆನ್ಸಿಲ್ ಗೆರೆಗಳಿಂದ ತುಂಬಿಹೋದವು. ಸುಧಾ ನೋಡಿ, ಇದಕ್ಕಿಂತ ನಾನೇ ತಿದ್ದಿದ್ದರೆ ಬೇಗ ಆಗುತ್ತಿತ್ತು ಎಂದು ನಿಟ್ಟುಸಿರುಬಿಟ್ಟಳು. ಆ ನಿಟ್ಟುಸಿರು ನನಗೆ ನಾಟಿತು. ಎರಡನೆಯ ಟೆಸ್ಟಿನಿಂದ ನಾನು ಅನುಮಾನಪಡುವುದನ್ನೇ ಬಿಟ್ಟೆ. ಮಧ್ಯಾಹ್ನ ಊಟವಾದ ಮೇಲೆ ಕನ್ನಡಕ ಒರೆಸಿ, ಎಡಕ್ಕೆ ಮಾದರಿ ಉತ್ತರ, ಬಲಕ್ಕೆ ಪತ್ರಿಕೆ ಇಟ್ಟುಕೊಂಡು ಕೂರುತ್ತಿದ್ದೆ. ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯುವಾಗ ಮೈಯಲ್ಲಿ ಒಂದು ಬಗೆಯ ಬಿಸಿ ಏರುತ್ತಿತ್ತು. ಆರನೆಯ ಇಯತ್ತೆಯಲ್ಲಿ ನನ್ನ ಪಾಟಿಯ ಮೇಲೆ ಸೊನ್ನೆ ಬರೆದ ಮಾಸ್ತರರ ಮೈಯಲ್ಲೂ ಅದೇ ಬಿಸಿ ಏರಿರಬೇಕು.

ಯಶ್ ಎಂಬ ಒಬ್ಬ ಹುಡುಗನಿದ್ದ. ಅವನು ಎಲ್ಲಿಂದಲೋ ಮಾದರಿ ಉತ್ತರದ ಫೋಟೊ ಸಂಪಾದಿಸಿ ಉರು ಹೊಡೆದು ಬರೆಯುತ್ತಿದ್ದ. ಒಮ್ಮೆ ಸುಧಾ ತನ್ನ ನೆನಪಿಗಾಗಿ ಹಾಳೆಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ, "ಸೋಮವಾರ ಮತ್ತೊಮ್ಮೆ ಹೇಳಿಕೊಡಬೇಕು" ಎಂದು ಗೀಚಿಕೊಂಡಿದ್ದಳಂತೆ, ನನಗೆ ತಿಳಿದದ್ದು ಎಷ್ಟೋ ಆಮೇಲೆ. ಅವನು ಅದನ್ನೂ ಬರೆದಿದ್ದ. ನಾನು ಅದಕ್ಕೂ ಸರಿ ಹಾಕಿ ಪೂರ್ತಿ ಅಂಕ ಕೊಟ್ಟೆ. ಚೀಟಿ ಅಷ್ಟು ಚೊಕ್ಕವಾಗಿ ಹೊಂದಿತ್ತು.

ಮಾನಸಿ ಎಂಬ ಹುಡುಗಿಯದು ಮಾತ್ರ ಎಂದೂ ಹೊಂದುತ್ತಿರಲಿಲ್ಲ. ಅವಳ ತಂದೆ ಜಯಣ್ಣ ಕಾರ್ಕಳದ ಕಡೆಯವರು, ಥಾಣೆಯ ಒಂದು ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ. ಹುಡುಗಿಗೆ ಎರಡೂ ಅರ್ಥವಾಗುತ್ತಿದ್ದವು, ಮಾತಿಗೆ ಮರುಮಾತು ಮಾತ್ರ ಹಿಂದಿಯಲ್ಲಿ ಬರುತ್ತಿತ್ತು. ಫಾರ್ಮಸಿ ಓದಬೇಕೆಂದು ಅವಳ ಆಸೆ. ಅಡುಗೆಮನೆಯಲ್ಲಿ ಕೂತು ನಾನು ಕೇಳಿಸಿಕೊಂಡಿದ್ದೇನೆ, ಆ ಇಪ್ಪತ್ತು ಮಕ್ಕಳಲ್ಲಿ 'ಕ್ಯೂಂ', ಯಾಕೆ, ಎಂದು ಕೇಳುವ ಗಂಟಲು ಅವಳದೊಂದೇ. ಸುಧಾ ಅವಳ ಪ್ರಶ್ನೆಗೆ ಉತ್ತರ ಹೇಳುವಾಗ ಮಾತ್ರ ಭುಜದ ನೋವು ಮರೆಯುತ್ತಿದ್ದಳು. ಅಂಥ ಹುಡುಗಿಗೆ ನಾನು ನಲವತ್ತಕ್ಕೆ ಹನ್ನೊಂದು ಕೊಟ್ಟೆ. ಮುಂದಿನ ಸಲ ಒಂಬತ್ತು. ಬಾಯಲ್ಲಿ ಎಲ್ಲಾ ಹೇಳುವವಳು ಹಾಳೆಯ ಮೇಲೆ ಯಾಕೆ ಹೀಗೆ ಎಂದು ಸುಧಾಳಿಗೆ ಆಶ್ಚರ್ಯವಾಯಿತು. ಪರೀಕ್ಷೆಯೆಂದರೆ ಕೆಲವರಿಗೆ ಕೈ ನಡುಗುತ್ತದೆ ಎಂದು ನಾನು ವಿವರಿಸಿದೆ. ಈ ವಿಷಯದಲ್ಲಿ ನನಗೆ ಸ್ವಂತ ಅನುಭವವಿದೆ ಎಂದು ಅವಳು ನಂಬಿದಳು.

ಒಂದು ದಿನ ಸುಧಾ ಖಾರಘರಕ್ಕೆ ಹೋಗಿದ್ದಾಗ ಮಾನಸಿ ಬಾಗಿಲು ತಟ್ಟಿದಳು. ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದರಲ್ಲಿ ಶಾಲೆಯ ಪುಸ್ತಕ. ಮೇಡಂ ಇಲ್ಲ ಎಂದೆ. ಅವಳು ಹೋಗಲಿಲ್ಲ.

"ಕಾಕಾ, ಯೇ ಗಲತ್ ಕೈಸೇ?" ಇದು ಹೇಗೆ ತಪ್ಪು ಎಂದು ಪುಸ್ತಕ ತೆರೆದು ಹಿಡಿದಳು. "ದೇಖೋನಾ, ಬುಕ್ ಮೇ ಭೀ ಹೈ."

ನೋಡಿದೆ. ಅವಳ ಸಾಲೂ ಪುಸ್ತಕದ ಸಾಲೂ ಅಕ್ಷರಕ್ಕೆ ಅಕ್ಷರ ಹೊಂದುತ್ತಿದ್ದವು. ತಾಳೆ ನೋಡುವುದರಲ್ಲಿ ನಾನು ಮೋಸಹೋಗುವವನಲ್ಲ. ಸುಧಾಳ ಮಾದರಿ ಉತ್ತರದಲ್ಲಿ ಆ ಸಾಲು ಇರಲಿಲ್ಲ, ಇವಳ ಪುಸ್ತಕದಲ್ಲಿ ಇತ್ತು. ಒಂದು ಪೆಟ್ಟಿಗೆಗೆ ಎರಡು ಚಲನ್ ಇರಬಹುದು ಎಂದು ಆ ಬಾಗಿಲಲ್ಲಿ, ಆ ಗಳಿಗೆಯಲ್ಲಿ ನನಗೆ ತಿಳಿಯಿತು. ಪತ್ರಿಕೆ ಇಲ್ಲಿಟ್ಟು ಹೋಗು, ಮೇಡಂಗೆ ತೋರಿಸುತ್ತೇನೆ ಎಂದು ಹೇಳಿದ್ದರೆ ಸಾಕಿತ್ತು. ಹಾಗೆ ಹೇಳಿದ್ದರೆ ನಾಳೆಯಿಂದ ಕೆಂಪು ಪೆನ್ನು ನನ್ನ ಕೈಯಲ್ಲಿ ಇರುತ್ತಿರಲಿಲ್ಲ.

"ಮೇಡಂ ನೋಡೇ ಹಾಕ್ಯಾರ," ಎಂದೆ. "ಅವ್ರಿಗೆ ಎದುರು ಕೇಳಿದ್ರ ಸಿಟ್ಟು ಬರತೈತಿ. ಅವರು ಬರದಂಗ ಬರಿ, ಮಾರ್ಕ್ಸ್ ತಾನ ಬರತಾವ."

ಅವಳು ಪುಸ್ತಕ ಮುಚ್ಚಿದಳು. "ಠೀಕ್ ಹೈ ಕಾಕಾ" ಎಂದು ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದಳು.

ಹುಡುಗಿ ಮಾತು ಕೇಳುವವಳು. ಮರುದಿನದಿಂದ 'ಕ್ಯೂಂ' ನಿಂತಿತು. ಮುಂದಿನ ಟೆಸ್ಟಿನಲ್ಲಿ ಮೇಡಂ ಕೊಟ್ಟ ನೋಟ್ಸನ್ನೇ ಉರು ಹೊಡೆದು ಮಾದರಿ ಉತ್ತರದಂತೆಯೇ ಬರೆದಿದ್ದಳು. ನಾನು ಮೂವತ್ತಾರು ಕೊಟ್ಟೆ. ಅಂತೂ ದಾರಿಗೆ ಬಂದಳು ಎಂದು ಸಮಾಧಾನಪಟ್ಟುಕೊಂಡೆ, ಸುಧಾಳಿಗೂ ಹೇಳಿದೆ. ಬೋರ್ಡಿನ ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ತಿರುಗಿಸಿ ಕೇಳಿದ್ದರಂತೆ. ಉರು ಹೊಡೆದದ್ದು ಒಂದು ಕಡೆ, ಪ್ರಶ್ನೆ ಇನ್ನೊಂದು ಕಡೆ. ಅರ್ಧಕ್ಕಿಂತ ತುಸು ಮೇಲೆ ಬಂತು. ಜಯಣ್ಣ ಅವಳನ್ನು ಕಾಮರ್ಸಿಗೆ ಸೇರಿಸಿದರು. ಪೂರ್ತಿ ಉರು ಹೊಡೆದ ಯಶ್ ಕೂಡ ಬಿದ್ದ ಎಂದು ಇಲ್ಲಿ ಬರೆಯುವ ಆಸೆಯಿತ್ತು. ಬೀಳಲಿಲ್ಲ. ಚೆನ್ನಾಗಿಯೇ ಪಾಸಾದ.

ಬ್ಯಾಚು ಮುಗಿದಾಗ ಮಕ್ಕಳು ನೋಟ್ಸುಗಳನ್ನು ಮುಂದಿನವರಿಗಾಗಿ ವಾಪಸು ಕೊಡುವುದು ನಮ್ಮ ಮನೆಯ ರೂಢಿ. ಜಯಣ್ಣ ತಂದುಕೊಟ್ಟ ಕಟ್ಟಿನಲ್ಲಿ ಮಾನಸಿಯ ಟೆಸ್ಟು ಪತ್ರಿಕೆಗಳೂ ಸೇರಿಕೊಂಡಿದ್ದವು. ಭಾನುವಾರ ಬೆಳಿಗ್ಗೆ ಸುಧಾ ಚಹಾ ಕುಡಿಯುತ್ತ ಅವನ್ನು ತಿರುವಿಹಾಕಿದಳು. ಚಹಾ ಆರಿತು. ಅವಳು ಬಯ್ಯಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದನೆಯ ಇಯತ್ತೆಯ ಮಗುವಿಗೆ ಹೇಳುವಂತೆ ಬೆರಳಿಟ್ಟು ತೋರಿಸಿದಳು. ಸುಣ್ಣದ ತಿಳಿನೀರು ಹಾಲಿನಂತಾಗುವ ಪ್ರಶ್ನೆಯಲ್ಲಿ ಹುಡುಗಿ ಎರಡು ವಸ್ತುಗಳ ಹೆಸರನ್ನು ಹಿಂದೆ ಮುಂದೆ ಬರೆದಿದ್ದಳು, ಅಷ್ಟೇ. "ಮೊದಲ ಅನ್ನ ಹಾಕು, ಇಲ್ಲಾ ಮೊದಲ ಮಸರ ಹಾಕು, ಕಲಿಸಿದ್ರ ಮಸರನ್ನಾನ ಅಲ್ಲೇನೋ ಯಣ್ಣಾ?" ಎಂದಳು. ಇನ್ನೊಂದು ಕಡೆ, ಯಾವುದಾದರೂ ಒಂದು ಉದಾಹರಣೆ ಕೊಡಿ ಎಂದು ಕೇಳಿತ್ತು. ಸುಧಾ ಕಬ್ಬಿಣ ಬರೆದಿದ್ದಳು, ಹುಡುಗಿ ಸತು ಬರೆದಿದ್ದಳು. ಯಾವುದಾದರೂ ಒಂದು ಎಂದರೆ ಏನು ಎಂಬುದು ನನಗೆ ಗೊತ್ತಿರಲಿಲ್ಲ. ಗೋದಾಮಿನಲ್ಲಿ ಹಾಗೆ ಯಾರೂ ಕೇಳುವುದಿಲ್ಲ.

ಆಮೇಲೆ ಅವಳು ನೋಯುವ ಕೈಯಿಂದಲೇ ಪತ್ರಿಕೆಗಳನ್ನು ಮೊದಲಿನಿಂದ ತಿದ್ದಿದಳು. ಹನ್ನೊಂದು ಮೂವತ್ತೇಳಾಯಿತು. ಒಂಬತ್ತು ಮೂವತ್ತೆಂಟಾಯಿತು. ನಾನು ಮೂವತ್ತಾರು ಕೊಟ್ಟ ಕೊನೆಯ ಪತ್ರಿಕೆ ಬಂದಾಗ ಪೆನ್ನು ಕೆಳಗಿಟ್ಟಳು.

"ಒಮ್ಮೇನೂ ಅನುಮಾನ ಬರಲಿಲ್ಲೇನು ನಿನಗ?"

ಬರಲಿಲ್ಲ ಎಂದೆ. ಬಾಗಿಲು ತಟ್ಟಿದ ದಿನದ ಸುದ್ದಿ ಅವಳಿಗೆ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

ಸಂಜೆ ಇಬ್ಬರೂ ಜಯಣ್ಣನ ಮನೆಗೆ ಹೋದೆವು. ಎಲ್ಲವನ್ನೂ ಒಪ್ಪಿಕೊಳ್ಳಬೇಕೆಂದು ರಿಕ್ಷಾದಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಕೂತ ಕೂಡಲೇ ಚಹಾ ಬಂತು, ಬಿಸ್ಕೀಟು ಬಂತು. ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಸುಧಾ ಪತ್ರಿಕೆಗಳನ್ನು ಹುಡುಗಿಯ ಮುಂದಿಟ್ಟು ಹೇಳಿಬಿಟ್ಟಳು, ತಪ್ಪು ತನ್ನದು, ಕೈನೋವಿನ ಗಡಿಬಿಡಿಯಲ್ಲಿ ಸರಿಯಾಗಿ ನೋಡದೆ ಅಂಕ ಹಾಕಿದೆ ಎಂದು. ಕಾಲೇಜಿನಲ್ಲಿ ತಾನೇ ಬಂದು ಮಾತಾಡುತ್ತೇನೆ, ಇನ್ನೂ ಸೈನ್ಸಿಗೆ ಬದಲಾಯಿಸಬಹುದು, ಎರಡು ವರ್ಷ ತಾನೇ ಕಲಿಸುತ್ತೇನೆ ಎಂದೂ ಹೇಳಿದಳು. ಆರನೆಯ ಇಯತ್ತೆಯವನು ತಿದ್ದಿದ ಎಂದು ಹೊರಬಿದ್ದರೆ ಕ್ಲಾಸೇ ಮುಚ್ಚುತ್ತದೆ ಎಂಬುದು ನಿಜ. ಆದರೆ ಅವಳು ಹಾಗೆ ಹೇಳಿದ್ದು ಕ್ಲಾಸಿಗಾಗಿ ಅಲ್ಲ ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೇ ಎರಡನೆಯ ಬಿಸ್ಕೀಟು ತೆಗೆದುಕೊಂಡೆ.

ಮಾನಸಿ ಪತ್ರಿಕೆಗಳನ್ನು ಒಂದೊಂದಾಗಿ ನೋಡಿದಳು. ಒಮ್ಮೆ ನನ್ನ ಮುಖ ನೋಡಿದಳು. ಬಾಗಿಲ ಮಾತು ಈಗ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಹಾಳೆಗಳನ್ನು ಜೋಡಿಸಿ ಸುಧಾಳ ಕೈಗೆ ಕೊಟ್ಟಳು.

"ಕಾಮರ್ಸ್ ಹೀ ಠೀಕ್ ಹೈ ಮ್ಯಾಡಮ್. ಉಧರ್ ಪೂಛನಾ ನಹೀಂ ಪಡ್ತಾ."

ಅಲ್ಲಿ ಏನೂ ಕೇಳಬೇಕಾಗುವುದಿಲ್ಲವಂತೆ. ಸುಧಾ ಇನ್ನೂ ಎರಡು ಸಲ ಹೇಳಿನೋಡಿದಳು. ಹುಡುಗಿ ಬೇಡವೆಂದು ತಲೆಯಾಡಿಸಿ, ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಜಯಣ್ಣ ದೊಡ್ಡ ಮನುಷ್ಯ, ಸುಧಾಳಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಅವಳು ಮುಂದೆ ಮೆಟ್ಟಿಲಿಳಿಯುತ್ತಿದ್ದಾಗ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲ ಮಾರಾಯ್ರೆ, ಅವರಿಗೆ ಒಬ್ಬರಿಗೇ ಕೆಲಸ ಜಾಸ್ತಿ ಆಗ್ತದೆ," ಎಂದರು ದನಿ ತಗ್ಗಿಸಿ. "ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ. ಪೇಪರ್ ಕೊಡುವ ಮೊದಲು ನೀವೊಂದು ಸಲ ಕಣ್ಣು ಹಾಯಿಸಿದ್ರೆ ಆಯ್ತಪ್ಪ. ಹೀಗೆಲ್ಲ ಆಗುದಿಲ್ಲ."

ಕೆಳಗಿನ ಮೆಟ್ಟಿಲಲ್ಲಿ ಸುಧಾಳ ಹೆಜ್ಜೆಯ ಸಪ್ಪಳ ನಿಂತಿತು. ಅವಳಿಗೆ ಕೇಳಿಸಿರಬೇಕು.

ಆಗಲಿ, ಇನ್ನು ಮೇಲೆ ನೋಡುತ್ತೇನೆ ಎಂದು ನಾನು ಜಯಣ್ಣನಿಗೆ ಮಾತುಕೊಟ್ಟೆ.