ಬೀಗರನ್ನು ಹಿಡಿದ ಬಿದಿರು ಕುರ್ಚಿ

ಕಂಡವರ ದನಿ ಕದಿಯುವುದು ಚಿಕ್ಕಂದಿನಿಂದಲೂ ನನಗಂಟಿದ ಚಾಳಿ. ಬಸ್ ಕಂಡಕ್ಟರು, ಡೇರಿ ಕಾರ್ಯದರ್ಶಿ, ಕೊನೆಗೆ ನಮ್ಮ ಮನೆಯ ಎಮ್ಮೆಯನ್ನೂ ಬಿಟ್ಟವನಲ್ಲ. ಇದರಿಂದ ನಾಲ್ಕು ಏಟು ಬಿದ್ದಿರಬಹುದೇ ಹೊರತು ನಷ್ಟವೇನೂ ಆಗಿರಲಿಲ್ಲ. ಆದರೆ ಮೊಬೈಲಿನ ವಿಡಿಯೊವೊಂದರಲ್ಲಿ ಆರ್ಕಿಟೆಕ್ಟ್ ಒಬ್ಬರು ಮೂಗಿನಿಂದ, “ಗೋಡೆ ಉಸಿರಾಡಬೇಕು, ಮನೆ ಮೈ ಸಡಿಲಿಸಬೇಕು” ಎನ್ನುತ್ತಿದ್ದುದನ್ನು ಅಣಕಿಸಿ ಅಣಕಿಸಿ, ಕಡೆಗೆ ನಾನೇ ಅದನ್ನು ನಂಬಿಬಿಟ್ಟೆ. ಮದ್ದೂರಿನ ಹತ್ತಿರದ ನಮ್ಮ ಆರ್‌ಸಿಸಿ ಮನೆಯ ಗಿಳಿಹಸಿರು ಗೋಡೆಗೆ ಸುಣ್ಣ ಬೆರೆಸಿದ ಮಣ್ಣು ಮೆತ್ತಿಸಿದೆ. ರೆಕ್ಸಿನ್ ಸೋಫಾ ಕೊಟ್ಟಿಗೆ ಸೇರಿತು. ಅದರ ಜಾಗಕ್ಕೆ ನೆಲದಿಂದ ಗೇಣುದ್ದವಷ್ಟೇ ಮೇಲಿರುವ, ಒರಗಿದರೆ ಒಳಕ್ಕೆಳೆದುಕೊಳ್ಳುವ ಬಿದಿರು ಕುರ್ಚಿ ಬಂತು.

“ಲೋ, ಲೋಕದ ಜನ ಮಣ್ಣು ಕೆಡವಿ ಸಿಮೆಂಟು ಆಕ್ತಾರೆ. ನೀನು ಸಿಮೆಂಟ್ ಮ್ಯಾಲೆ ಮಣ್ಣು ಮೆತ್ತೀಯಲ್ಲಾ! ಭಾನ್ವಾರ ಎಣ್ಣಿನ ಕಡೆಯೋರು ಮನೆ ನೋಡಕ್ ಬತ್ತಾವ್ರೆ ಕಣ್ಲಾ!” ಎಂದು ಅಮ್ಮ ಹಣೆ ಚಚ್ಚಿಕೊಂಡಳು. ವಿ.ಸಿ. ಫಾರಂ ಕೃಷಿ ಕೇಂದ್ರದಲ್ಲಿ ಕೆಲಸ ಮಾಡುವ ಹುಡುಗಿ ರಂಜಿತಾ ನನ್ನನ್ನು ಒಪ್ಪಿಯಾಗಿತ್ತು. ಇನ್ನು ಉಳಿದಿದ್ದವರು ಮಳವಳ್ಳಿ ಕಡೆಯ ಅವಳಪ್ಪ. ಅವರು ಒಪ್ಪಬೇಕಾದದ್ದು ನನ್ನನ್ನಲ್ಲ, ಮನೆಯನ್ನು.

ಭಾನುವಾರ ಅವಳಪ್ಪ ಬಂದವರೇ ಬೆರಳ ಗಂಟಿನಿಂದ ಗೋಡೆ ಕುಟ್ಟಿದರು. ಮಣ್ಣು ಬಿಳಿ ಅಂಗಿಯ ಮೇಲೆ ಉದುರಿತು. ನಾನು ಆರ್ಕಿಟೆಕ್ಟ್ ದನಿಯಲ್ಲೇ, “ಗೋಡೆ ಉಸಿರಾಡುತ್ತೆ ಸಾರ್” ಎಂದೆ.

“ಉಸ್ರಾಡ್ತಿಲ್ಲ ಕಣಪ್ಪ, ಕೆಮ್ತಾ ಅದೆ” ಎಂದು ಅಂಗಿ ಕೊಡವಿ, ಕುರ್ಚಿಯಲ್ಲಿ ಕುಸಿದು ಕೂತರು. ಸುತ್ತ ಕಣ್ಣಾಡಿಸಿ, “ಆಯ್ತು, ಯೋಳಿ ಕಳಿಸ್ತೀವಿ” ಎಂದರು. ಅಂದರೆ ಸಂಬಂಧ ಬೇಡ ಎಂದರ್ಥ. ನನ್ನೆದೆ ಗೋಡೆಯ ಮಣ್ಣಿನಂತೆಯೇ ಉದುರಿತು.

ಹೊರಡಲು ಅವರು ಮುಂದಕ್ಕೆ ವಾಲಿದರು. ಕುರ್ಚಿ ಬಿಡಲಿಲ್ಲ. ಪಂಚೆ ಎತ್ತಿಕಟ್ಟಿ, ಹಲ್ಲು ಕಚ್ಚಿ, “ಉಸ್ಸಪ್ಪಾ” ಎಂದು ಮತ್ತೆ ಹಿಂದಕ್ಕೆ ಬಿದ್ದರು. ಮರ್ಯಾದಸ್ಥ ಮನುಷ್ಯ, ಕೈ ಹಿಡಿದೆತ್ತಿ ಎಂದು ಕೇಳುವರೇ? ಅಷ್ಟರಲ್ಲಿ ಬಂಡೂರು ಕುರಿಯ ಸಾರಿನ ಘಮ ಬೇರೆ. “ಆತುರ ಏನಿಲ್ಲ ಬುಡು ತಾಯಿ. ಒಂದು ಮುದ್ದೆ ಇಲ್ಲಿಗೇ ತಾ” ಎಂದುಬಿಟ್ಟರು.

ನಮ್ಮ ಕಡೆ ಮಾತು ಗಟ್ಟಿಯಾಗದೆ ಗಂಡಿನ ಮನೆಯಲ್ಲಿ ಹೆಣ್ಣಿನ ಕಡೆಯವರು ಊಟ ಮಾಡುವಂತಿಲ್ಲ, ಮಾಡಿದರೆ ಒಪ್ಪಿದಂತೆಯೇ. ಅಮ್ಮ ತಟ್ಟೆ ಇಟ್ಟು, “ತಕ್ಕಳಿ ಬೀಗರೇ” ಎಂದಳು. ಅವರು ಮುದ್ದೆಯನ್ನು ನೋಡಿದರು, ನನ್ನನ್ನು ನೋಡಿದರು. “ಒಳ್ಳೆ ಬೋನು ಇಟ್ಟಿದ್ದೀಯ ಕಣಪ್ಪ” ಎಂದು ಮುದ್ದೆ ಮುರಿದರು.

ಉಂಡಾದ ಮೇಲೆ ನಾನೂ ಅಮ್ಮನೂ ಎರಡು ರಟ್ಟೆ ಹಿಡಿದು ಮಾವನವರನ್ನು ಎಬ್ಬಿಸಿದೆವು. ಕಾರು ತಿರುವು ದಾಟಿದ್ದೇ ತಡ, ನನಗೆ ಚಾಳಿ ತಡೆಯಲಾಗಲಿಲ್ಲ. ಅದೇ ಕುರ್ಚಿಯಲ್ಲಿ ಕೂತು, ವಾಲಿ, ಪಂಚೆ ಎತ್ತಿಕಟ್ಟಿ, “ಉಸ್ಸಪ್ಪಾ” ಎಂದು ಹಿಂದಕ್ಕೆ ಬಿದ್ದೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಈ ಸಲ ನಿಜಕ್ಕೂ ಏಳಲೆಂದೇ ವಾಲಿದೆ. ಮತ್ತೆ ಬಿದ್ದೆ.

“ಅಮ್ಮಾ, ಕೈ ಕೊಡು. ಇದು ನಾನೇ” ಎಂದೆ.

“ಅಯ್ಯೋ, ಥೇಟ್ ಬೀಗರೇ ಕಣ್ಲಾ!” ಎಂದು ಅಮ್ಮ ಕಣ್ಣೊರೆಸಿಕೊಳ್ಳುತ್ತಾ, ಪಕ್ಕದ ಮನೆಯವರನ್ನೂ ಕರೆದು ತೋರಿಸಲು ಎದ್ದು ಹೋದಳು.