ಎಂಟು ಟ್ರ್ಯಾಕಿನ ತಾಳದ ಪಂಚಾಯ್ತಿ

ಹೊಳಲ್ಕೆರೆಯ ಪಂಚಾಕ್ಷರಪ್ಪನವರ ಹಾಡಿಗೆ ಹೆಂಡತಿ ದಾಕ್ಷಾಯಣಮ್ಮ ಹಾರ್ಮೋನಿಯಂ ನುಡಿಸತೊಡಗಿ ಇಪ್ಪತ್ತೆಂಟು ವರ್ಷ. ತಾಳ ತಪ್ಪುವುದು ಯಾರಿಂದ ಎಂಬ ವ್ಯಾಜ್ಯಕ್ಕೂ ಅಷ್ಟೇ ವಯಸ್ಸು. ಮಠದ ಭಜನೆ ಮುಗಿಸಿ ಬರುವಾಗಲೆಲ್ಲ ಅವರು, ನೀನು ಹಿಂದೆ ಬೀಳುತ್ತೀ ಎನ್ನುವರು. ಆಕೆ ಸೆರಗು ಸರಿಮಾಡಿಕೊಂಡು ಸುಮ್ಮನೆ ನಡೆಯುವಳು. (ಆ ಮೌನವನ್ನು ಅವರು ತಪ್ಪೊಪ್ಪಿಗೆ ಎಂದೇ ತಿಳಿದಿದ್ದರು.)

ವ್ಯಾಜ್ಯವನ್ನು ವೈಜ್ಞಾನಿಕವಾಗಿ ತೀರಿಸಿಬಿಡೋಣವೆಂದು ಈ ಸಲ ರೆಕಾರ್ಡರ್ ಕೊಳ್ಳಲು ಹೊರಟರು. ಫೋನಿನಲ್ಲೇ ಆಗುತ್ತದಲ್ಲ ಎಂದಳು ದಾಕ್ಷಾಯಣಮ್ಮ. ಫೋನಿನಲ್ಲಿ ಎಲ್ಲವೂ ಕಲಸಿದ ಚಿತ್ರಾನ್ನ, ಯಾವ ತಪ್ಪು ಯಾರದೆಂದು ಹೆಕ್ಕಲಾಗದು ಎಂಬುದು ಅವರ ವಾದ.

ಚಿತ್ರದುರ್ಗದ ಅಂಗಡಿಯಲ್ಲಿ ಮಾರಾಟದ ಹುಡುಗ ಯೋಗೇಶ್ ಮೂರು ಯಂತ್ರ ಮುಂದಿಟ್ಟ. ಒಂದೊಂದು ದನಿಗೂ ಒಂದೊಂದು ಟ್ರ್ಯಾಕ್. ಬೇಕಾದ್ದನ್ನು ಮಾತ್ರ ಕೇಳಬಹುದು.

"ಹಾಡೋರು ಒಬ್ರು, ನುಡಿಸೋರು ಒಬ್ರು ಅಂದ್ರೆ ಎರಡು ಟ್ರ್ಯಾಕೇ ಸಾಕು ಸಾರ್," ಎಂದ.

"ಸಾಕ್ಷಿಗೆ ತಬಲ ಬೇಕಲ್ಲಪ್ಪ."

"ಹಂಗಾದ್ರೆ ನಾಲ್ಕರದು ತಗಳ್ರಿ."

ಪಂಚಾಕ್ಷರಪ್ಪನವರು ಮೂರನ್ನೂ ಅಂಗೈಯಲ್ಲಿ ತೂಗಿದರು, ಗುಂಡಿ ಎಣಿಸಿದರು, ಎರಡು ಸಲ ಹೋಟೆಲಿಗೆ ಹೋಗಿ ಕಾಫಿ ಕುಡಿದು ಬಂದರು. ಹೆಂಡತಿಯ ತಪ್ಪುಗಳಿಗೆ ಜಾಗ ಸಾಲದೆ ಹೋದೀತೆಂದು ಕೊನೆಗೆ ಎಂಟು ಟ್ರ್ಯಾಕಿನದನ್ನೇ ತಂದರು.

ಭಾನುವಾರ ಬೆಳಿಗ್ಗೆ ತಬಲದ ಓಬಳೇಶ್ ಬಂದು ಮೊದಲನೇ ಟ್ರ್ಯಾಕ್ ಬಾರಿಸಿದ. ಅದನ್ನು ಕಿವಿಯ ಹೆಡ್‌ಫೋನಿನಲ್ಲಿ ಕೇಳಿಕೊಂಡು ದಾಕ್ಷಾಯಣಮ್ಮ ಎರಡನೆಯದರಲ್ಲಿ ನುಡಿಸಿದಳು. ಪಂಚಾಕ್ಷರಪ್ಪನವರ ಸರದಿ ಬಂದಾಗ, ಭಾವಕ್ಕೆ ಅಡ್ಡಿಯೆಂದು ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ, ಕಣ್ಣು ಮುಚ್ಚಿ ಹಾಡಿದರು. ಓಬಳೇಶ್ ಬೇಡವೆಂದು ಎರಡು ಸಲ ಕೈಯಾಡಿಸಿದ. ಮುಚ್ಚಿದ ಕಣ್ಣಿಗೆ ಅದು ಕಾಣಲಿಲ್ಲ.

ಆಮೇಲೆ ಮೂರೂ ಟ್ರ್ಯಾಕನ್ನು ಒಟ್ಟಿಗೆ ಬಿಟ್ಟರು. ತಬಲ ಮತ್ತು ಹಾರ್ಮೋನಿಯಂ ಹೂವು ನಾರಿನಂತೆ ಹೊಂದಿಕೊಂಡು ನಡೆದವು. ಪಂಚಾಕ್ಷರಪ್ಪನವರ ದನಿ ಮಾತ್ರ ಬಸ್ಸು ತಪ್ಪಿಹೋದೀತೆಂಬಂತೆ ಓಡಿತು. ಎರಡನೇ ಚರಣದಲ್ಲಿ ತಬಲವನ್ನು ಹಿಂದೆ ಹಾಕಿತು. ಅವರ ಹಾಡು ಮಂಗಳ ಮುಗಿಸಿ ಕೆಮ್ಮಿ ಗಂಟಲು ಸರಿಮಾಡಿಕೊಂಡಾಗ, ಹಾರ್ಮೋನಿಯಂ ಇನ್ನೂ ಕೊನೆಯ ಚರಣದಲ್ಲಿತ್ತು.

ಓಬಳೇಶ್ ತಬಲದ ಗವಸಿನ ದಾರ ಕಟ್ಟುವುದರಲ್ಲಿ ಮಗ್ನನಾದ.

"ಮಠದಾಗೆ ಹಿಂಗೆ ಆಗ್ತಿರ್ಲಿಲ್ವಲ್ಲೇ," ಎಂದರು ಪಂಚಾಕ್ಷರಪ್ಪ, ಸಣ್ಣ ದನಿಯಲ್ಲಿ.

"ಅಲ್ಲಿ ನಾನು ನಿಮ್ಮ ಹಿಂದೆ ಓಡ್ತಿದ್ದೆ ಕಣ್ರಿ," ಎಂದಳು ದಾಕ್ಷಾಯಣಮ್ಮ. "ಈ ಯಂತ್ರಕ್ಕೆ ಸಂಸಾರ ಮಾಡಿ ಗೊತ್ತಿಲ್ಲ."

ಮರುದಿನವೇ ಅವರು ಯಂತ್ರವನ್ನು ಡಬ್ಬಕ್ಕೆ ತುಂಬಿ ಅಂಗಡಿಗೆ ಹೊರಟರು. ದಾಕ್ಷಾಯಣಮ್ಮ ಬಿಡಲಿಲ್ಲ. ತನ್ನ ನುಡಿಸಾಣಿಕೆಯನ್ನು ತಾನೇ ಮೊದಲ ಸಲ ಕೇಳಿದ್ದಳು, ಚೆನ್ನಾಗಿತ್ತು. ಈಗ ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಆಕೆಯ ರೆಕಾರ್ಡಿಂಗು. ಕೆಂಪು ಗುಂಡಿ ಒತ್ತುವ ಹುದ್ದೆ ಪಂಚಾಕ್ಷರಪ್ಪನವರದು. ಒತ್ತಿದ ಮೇಲೆ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕು, ತಾಳ ಹಾಕಬಾರದೆಂದು ಅಪ್ಪಣೆಯಾಗಿದೆ.