ಆರು ಗಿಗಾಹರ್ಟ್ಸ್ ಬರುವವರೆಗೆ

ಒಂದೂವರೆ

ಕಂಪ್ಯೂಟರ್ ಕೇಳಿ ಮೊದಲ ಅರ್ಜಿ ಬರೆದ ದಿನ ನನ್ನ ಬಲಗೈ ಹೆಬ್ಬೆರಳು ಊದಿಕೊಂಡಿತ್ತು. ಅರ್ಜಿಯನ್ನೂ ಅದೇ ಬೆರಳಿನಿಂದ ಬರೆದೆ.

ಬಸವಕಲ್ಯಾಣದ ಒಂದು ಬೀಜ-ಗೊಬ್ಬರದ ಸೊಸೈಟಿಯಲ್ಲಿ ನಾನು ಗುಮಾಸ್ತ. ಬಿತ್ತನೆಗೆ ಮೊದಲು ಸದಸ್ಯರ ಪಟ್ಟಿ ಆಗಬೇಕು. ಎರಡು ಸಾವಿರ ಹೆಸರು, ತಂದೆಯ ಹೆಸರು, ಊರು. ಕಾರ್ಬನ್ ಇಟ್ಟು ಮೂರು ಪ್ರತಿ. ಮೂರನೆಯ ಪ್ರತಿ ಮೂಡಬೇಕಾದರೆ ಪೆನ್ನು ಒತ್ತಬೇಕು. ಒತ್ತಿ ಒತ್ತಿ ಬೆರಳು ಮಡಚುವುದನ್ನೇ ಬಿಟ್ಟಿತ್ತು.

ಅಧ್ಯಕ್ಷರು ನೋಡಿದರು. ಅವರು ತೊಗರಿ ಅಡತಿಯವರು, ಅಂದರೆ ದಲಾಲಿ ಅಂಗಡಿಯವರು.

"ನೀ ರಿಟೈರ್ ಆಗೂದ್ರಾಗ ನಿನಗ ಕಂಪ್ಯೂಟರ್ ಕೊಡಸ್ತೀನಿ" ಎಂದರು.

ಆಗ ಹುಮನಾಬಾದಿನಲ್ಲಿ ನಮಗೆ ಗೊತ್ತಿದ್ದ ಕಂಪ್ಯೂಟರ್ ಅಂಗಡಿ ಒಂದೇ. ಅಂಗಡಿಯ ಭಾಯಿ ಚೀಟಿ ಬರೆದುಕೊಟ್ಟ: ಪ್ರೊಸೆಸರ್ ಒಂದೂವರೆ ಗಿಗಾಹರ್ಟ್ಸ್, ಬಸ್ ವೇಗ ನಾನೂರು. ಪ್ರೊಸೆಸರ್ ಅಂದರೆ ಯಂತ್ರದ ಮಿದುಳು, ಗಿಗಾಹರ್ಟ್ಸ್ ಅದರ ವೇಗದ ಅಳತೆ. ಮಿದುಳಿಗೂ ನೆನಪಿಗೂ ನಡುವೆ ಇರುವ ದಾರಿಗೆ ಬಸ್ ಎನ್ನುತ್ತಾರೆ. ಅದಕ್ಕೂ ಹುಮನಾಬಾದ ಬಸ್ಸಿಗೂ ಸಂಬಂಧವಿಲ್ಲ. ಆ ನಗೆಯನ್ನು ಎಲ್ಲರೂ ಆಗಲೇ ನಕ್ಕು ಮುಗಿಸಿದ್ದಾರೆ.

ಆ ಚೀಟಿ ಹಚ್ಚಿ ಕಳಿಸಿದ ಅರ್ಜಿಗೆ ಮೇಲಿನ ಕಚೇರಿಯ ಮಂಜೂರಾತಿ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ಹುಮನಾಬಾದಿಗೆ ಓಡಿದೆ.

"ಚಾಚಾ, ಒಂದೂವರೆ ಹೋಯ್ತು. ಈಗ ಎರಡು ಪಾಯಿಂಟ್ ನಾಲ್ಕು ನಡದದ."

"ಹಳೇದು ಕೊಡು."

"ಹಳೇದು ಎಲ್ಲಿಂದ ತರ್ಲಿ? ಅದೇ ರೇಟಿಗಿ ಹೊಸಾದು ತಗೋರಿ. ಇನ್ನೂ ಜೋರ್ ಓಡ್ತದ."

ಮೇಲಿನ ಕಚೇರಿಯ ಸಾಹೇಬರು ಒಪ್ಪಲಿಲ್ಲ. "ಮಂಜೂರಾಗಿದ್ದು ಒಂದೂವರೆ. ಅಂಕಿ ಬದಲಾದ್ರ ಖರೀದಿ ಇಲ್ಲ."

"ಸಾಹೇಬ್ರ, ತಂದು ನಿಧಾನ ಓಡಸ್ತೀನ್ರಿ."

ಸಾಹೇಬರು ಸ್ವಲ್ಪ ಯೋಚಿಸಿದರು. "ಹಂಗಂತ ಬರದು ಕೊಡ್ತೀರೇನು?"

ಬರೆದುಕೊಟ್ಟೆ. ನಿಧಾನ ಎಂದರೆ ಎಷ್ಟು ಎಂದು ಕೇಳಿ ಪತ್ರ ಬಂತು.

ಹೂವಿನಲ್ಲಿರುವ ತೊಗರಿ

ಅಧ್ಯಕ್ಷರಿಗೆ ಸಿಟ್ಟು ಬಂತು. ಹೊಲದಲ್ಲಿ ತೊಗರಿ ಹೂವಾಡುವಾಗಲೇ ರಾಶಿ ಹೊತ್ತಿನ ಧಾರಣೆ ಹೇಳುವ ಮನುಷ್ಯ.

"ಫೈಲಿಗಿ ಒಂದು ವರ್ಷ ಬೇಕಂದ್ರ, ಬರೂ ವರ್ಷದ ವೇಗ ಇವತ್ತೇ ಬರೀಬೇಕು. ಇಷ್ಟು ತಿಳೀಲಿಲ್ಲೇನು ನಿನಗ?"

ಸಭೆ ಕರೆದರು. ಒಂಬತ್ತು ಜನ ನಿರ್ದೇಶಕರು. ಕಂಪ್ಯೂಟರ್ ಕಂಡವರು ಒಬ್ಬರೂ ಇಲ್ಲ. ಅದರಿಂದ ಚರ್ಚೆಗೆ ಅಡ್ಡಿಯಾಗಲಿಲ್ಲ.

"ಎರಡೂವರೆ ಬರೀರಿ" ಎಂದರು ಒಬ್ಬರು.

"ಎರಡೂವರೆ ಕೇಳಿದ್ರ ಎರಡು ಕೊಡ್ತಾರ. ಮೂರು ಕೇಳ್ರಿ" ಎಂದರು ಕೊಹಿನೂರ ಊರಿನ ನಿರ್ದೇಶಕರು. ಎತ್ತಿನ ವ್ಯಾಪಾರ ಮಾಡಿದವರು. ಚೀಟಿ ಇಸಿದುಕೊಂಡು ನೋಡಿ, "ಈ ಬಸ್ ವೇಗ ಯಾಕ ಬೇಕು?" ಎಂದು ಕೇಳಿದರು.

ಹೇಳಿದೆ. ಮಿದುಳು ಎಷ್ಟೇ ಚುರುಕಿದ್ದರೂ ದಾರಿ ಇಕ್ಕಟ್ಟಾದರೆ ಅದು ಸುಮ್ಮನೆ ಕಾಯುತ್ತ ಕೂಡಬೇಕು.

"ಹಂಗಾರ ನಮ್ಮ ಮನೀನೂ ಹಂಗೇ ಅದ. ನಾ ಲಗೂನ ಹೇಳ್ತೀನಿ, ಚಹಾ ಬರಾಕ ತಾಸು ಹಿಡೀತದ."

"ನಿಮ್ಮ ಮನೀ ಮಿದುಳು ಅಡಗೀಮನ್ಯಾಗೇ ಅದ" ಎಂದರು ಅಧ್ಯಕ್ಷರು. "ಕಾಯಾಕತ್ತದ್ದು ಬ್ಯಾರೆ ಏನೋ."

ಕೈ ಎತ್ತಿಸಿ ತೀರ್ಮಾನವಾಯಿತು. ಮೂರು ಗಿಗಾಹರ್ಟ್ಸ್. ಬಸ್ ವೇಗ ಐನೂರ ಮೂವತ್ತಮೂರು. ಎರಡನೆಯ ಅಂಕಿ ಭಾಯಿ ಫೋನಿನಲ್ಲಿ ಹೇಳಿದ್ದು. ಮೊದಲನೆಯದು ನಮ್ಮದೇ.

ದರಪಟ್ಟಿ

ಫೈಲು ಒಂದೇ ವಾರದಲ್ಲಿ ತಿರುಗಿ ಬಂತು. ಅಷ್ಟು ಬೇಗ ಬಂದದ್ದು ಅದೇ ಮೊದಲು. "ಇಂಥ ಯಂತ್ರ ಕಂಡುಬಂದಿಲ್ಲ. ಅಂಗಡಿಯ ದರಪಟ್ಟಿ ಲಗತ್ತಿಸಿರಿ."

ಅಧ್ಯಕ್ಷರೂ ನಾನೂ ಹುಮನಾಬಾದಿಗೆ ಹೋದೆವು. ಭಾಯಿ ಕೈ ಮುಗಿದ.

"ಸಾವಕಾರ್ರ, ಇಲ್ಲದ ಮಷೀನಿಗಿ ನಾ ಹ್ಯಾಂಗ ರೇಟ್ ಬರೀಲಿ?"

"ನಾ ಮಳಿ ಬರೂದ್ರಾಗ ತೊಗರಿ ರೇಟ್ ಹೇಳ್ತೀನಿ. ನೀ ವ್ಯಾಪಾರಸ್ಥ ಅಲ್ಲೇನು?"

ಭಾಯಿಗೆ ತಾಗಿತು. ಪೆನ್ನು ತೆಗೆದು ಬರೆದ. ಆದರೂ ಒಳಗೆ ಅಳುಕು. ಸಹಿಯ ಮೇಲೆ ಸಣ್ಣಗೆ ಒಂದು ಸಾಲು ಸೇರಿಸಿದ: "ದೇವರು ಮನಸ್ಸು ಮಾಡಿದರೆ."

ಮೇಲಿನ ಕಚೇರಿಯಿಂದ ಪತ್ರ ಬಂತು. "ಷರತ್ತಿನ ದರಪಟ್ಟಿ ನಡೆಯುವುದಿಲ್ಲ. ಮನಸ್ಸು ಮಾಡಬೇಕಾದವರ ಒಪ್ಪಿಗೆ ಪತ್ರ ಲಗತ್ತಿಸಿರಿ."

ಕೂಡಿಬರದ ಜೋಡಿ

ಆ ಸಾಲು ಹೊಡೆದುಹಾಕಿ ಮತ್ತೆ ಕಳಿಸಿದೆವು. ವರ್ಷದ ಮೇಲೆ ಮಂಜೂರಾಯಿತು. ಅಷ್ಟರಲ್ಲಿ ಅಂಗಡಿಗೆ ಮೂರು ಗಿಗಾಹರ್ಟ್ಸ್ ನಿಜವಾಗಿಯೂ ಬಂದಿತ್ತು. ಅಧ್ಯಕ್ಷರು ಪೇಢೆ ಹಂಚಿದರು. ನಾನು ಎರಡು ತಿಂದೆ. ಜವಾನನನ್ನು ಕರೆದುಕೊಂಡು ಯಂತ್ರ ತರಲು ಹೋದೆ.

"ಮೂರು ಅದ ಚಾಚಾ. ಆದ್ರ ಇದರ ಬಸ್ ಎಂಟು ನೂರು."

"ನಮಗ ಐನೂರ ಮೂವತ್ತಮೂರು ಬೇಕು."

"ಅದೂ ಅದ. ಆದ್ರ ಅದರ ಮಿದುಳು ಮೂರು ಪಾಯಿಂಟ್ ಸೊನ್ನೆ ಆರು."

"ಸೊನ್ನೆ ಆರು ವರಸಿಬಿಡು."

"ಪಾಟಿ ಮ್ಯಾಗ ಬರದದ್ದಲ್ಲ ಚಾಚಾ ಅದು."

ಎರಡು ಡಬ್ಬಿ ಎದುರಿಗಿದ್ದವು. ಒಂದಕ್ಕೆ ಮಿದುಳು ಕೂಡಿತ್ತು, ಬಸ್ ಕೂಡಲಿಲ್ಲ. ಇನ್ನೊಂದಕ್ಕೆ ಬಸ್ ಕೂಡಿತ್ತು, ಮಿದುಳು ಕೂಡಲಿಲ್ಲ. ನನ್ನ ಮಗಳಿಗೆ ವರ ನೋಡುವಾಗಲೂ ಇಷ್ಟು ಹೊತ್ತು ಕೂತಿರಲಿಲ್ಲ.

ಜವಾನ ನನಗಿಂತ ಎರಡು ವರ್ಷಕ್ಕೆ ಚಿಕ್ಕವನು. ಬಹಳ ಹೊತ್ತು ನೋಡಿ ಹೇಳಿದ.

"ಎರಡೂ ತಗೋರಿ. ಇದರ ಮಿದುಳು ಹಾಕಿ ಅದರ ಬಸ್ ಹಾಕ್ರಿ. ಉಳಿದ ಮಿದುಳು ಮ್ಯಾಗಿನ ಕಚೇರಿಗಿ ಕಳಸ್ರಿ. ಅವರಿಗಿ ಬೇಕಾಗ್ಯದ."

ಆರು

ಕೈಬೀಸಿಕೊಂಡು ಬಂದೆವು. ನನ್ನ ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಬೆರಳಿಗೆ ಹೆಂಡತಿ ಅರಿಶಿನ ಕಟ್ಟುತ್ತಿದ್ದಳು. ಮೂರನೆಯ ಪ್ರತಿಯೂ ಹಳದಿಯಾಗುತ್ತಿತ್ತು.

ಅಧ್ಯಕ್ಷರು ಹೊಸ ಲೆಕ್ಕ ಹಾಕಿದರು. "ನಾವು ವೇಗದ ಹಿಂದ ಓಡಾಕತ್ತೀವಿ. ಮುಂದ ಹೋಗಿ ಕೂಡಬೇಕು. ಅದೇ ಬರ್ತದ. ಒಂದೂವರೆ ಇದ್ದದ್ದು ಎರಡು ವರ್ಷದಾಗ ಮೂರಾಯ್ತು. ಮೂರು ಇದ್ದದ್ದು ಎರಡು ವರ್ಷದಾಗ?"

"ಆರು" ಎಂದೆ.

"ಬರಿ. ಬಸ್ ಎರಡು ಸಾವಿರ ಬರಿ. ಯಂತ್ರ ಪ್ಯಾಟಿಗಿ ಬರೂತನಕ ಮಂಜೂರಾತಿ ರದ್ದಾಗಬಾರದು ಅಂತ ಅದನ್ನೂ ಬರಿ."

ಬರೆದೆ. ಈ ಸಲ ಒಂದು ಪ್ರಶ್ನೆಯೂ ಬರಲಿಲ್ಲ. ನೇರ ಮಂಜೂರು. ಸಾಹೇಬರು ಬೇಸತ್ತಿರಬೇಕು.

ಪ್ರತಿ ತಿಂಗಳು ಭಾಯಿಗೆ ಫೋನ್ ಮಾಡಿದೆ.

"ಎಲ್ಲೀತನಕ ಬಂತು?"

"ಮೂರು ಪಾಯಿಂಟ್ ನಾಲ್ಕು, ಚಾಚಾ."

ಆಮೇಲೆ ಮೂರು ಪಾಯಿಂಟ್ ಆರು. ಆಮೇಲೆ ಮೂರು ಪಾಯಿಂಟ್ ಎಂಟು. ಆಮೇಲೆ ನಿಂತುಬಿಟ್ಟಿತು. ಆರು ತಿಂಗಳು ಅಲ್ಲೇ.

"ಯಾಕ ನಿಂತದ?"

"ಇನ್ನ ಓಡಿಸಿದ್ರ ಕಾಯ್ತದಂತ ಚಾಚಾ. ಸುಡ್ತದಂತ. ಅದಕ್ಕ ಈಗ ಒಂದೇ ಡಬ್ಬಿಯಾಗ ಎರಡು ಮಿದುಳು ಇಡಾಕತ್ತಾರ. ಒಂದೊಂದು ಮೂರು."

ಎರಡು ಮೂರು ಆರು. ಎದ್ದು ಮೇಲಿನ ಕಚೇರಿಗೆ ಹೋದೆ. ಸಾಹೇಬರು ಫೈಲು ತಿರುವಿದರು.

"ನಿಮಗ ಮಂಜೂರಾಗಿದ್ದು ಒಂದು ಮಿದುಳು. ಎರಡನೇದು ಯಾರ ಅನುಮತಿ ಮ್ಯಾಗ?"

ನಾನು ನಿವೃತ್ತನಾದೆ. ಸಭೆ ಮಾಡಿ ಶಾಲು ಹೊದಿಸಿದರು. ಕೈಗೆ ಒಂದು ಡಬ್ಬಿ ಕೊಟ್ಟರು. ಮನೆಗೆ ಬಂದು ತೆರೆದೆ. ಪೆನ್ನು.

ಬಂತು

ಇಪ್ಪತ್ತು ವರ್ಷ ಹೋಯಿತು. ಮೊನ್ನೆ ಫೋನ್ ಬಂತು.

"ಚಾಚಾ, ಆರು ಬಂತು."

"ಯಾವ ಆರು?"

"ನಿಮ್ಮ ಆರು."

ಹುಮನಾಬಾದಿಗೆ ಹೋಗಿ ನೋಡಿದೆ. ಭಾಯಿಯ ಗಡ್ಡ ಬೆಳ್ಳಗಾಗಿದೆ. ಡಬ್ಬಿಯ ಮೇಲೆ ಆರು ಎಂದು ಬರೆದಿತ್ತು. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಆರೇ.

ಅಲ್ಲಿಂದ ಸೊಸೈಟಿಗೆ ಬಂದೆ. ಈಗಿನ ಗುಮಾಸ್ತೆ ಪಟ್ಟಿ ಬರೆಯುತ್ತಿದ್ದಳು. ಕೈಯಲ್ಲಿ. ಹೆಬ್ಬೆರಳಿಗೆ ಅರಿಶಿನದ ಬಟ್ಟೆ.

"ಇನ್ನೂ ಕಂಪ್ಯೂಟರ್ ಕೊಟ್ಟಿಲ್ಲೇನವ್ವ?"

"ಮ್ಯಾಗಿನ ಕಚೇರಿಯವ್ರಿಗಿ ಕೇಳಿದೆವ್ರಿ ಕಾಕಾ. ನಿಮಗ ಆಗಲೇ ಒಂದು ಮಂಜೂರಾಗ್ಯದ, ಮೊದಲ ಅದನ್ನ ತಗೋರಿ, ಅಂದ್ರು."

ಅಧ್ಯಕ್ಷರು ಈಗ ಮಾಜಿ. ವಯಸ್ಸು ಎಂಬತ್ತು ದಾಟಿದೆ. ದಿನಾ ಬಂದು ಅದೇ ಕುರ್ಚಿಯಲ್ಲಿ ಕೂಡುತ್ತಾರೆ. ಸುದ್ದಿ ಹೇಳಿದೆ. ಕೋಲು ನೆಲಕ್ಕೆ ಕುಟ್ಟಿದರು.

"ನಾ ಹೇಳಿದ್ದಿಲ್ಲಾ? ಧಾರಣಿ ತಪ್ಪಿಲ್ಲ. ಟೈಮ್ ಒಂದೀಟು ಆಚೀಚಿ ಆಗ್ಯದ."

ಗುಮಾಸ್ತೆ ಭಾಯಿಯ ಹೊಸ ದರಪಟ್ಟಿ ತರಿಸಿದಳು. ಪ್ರೊಸೆಸರ್: ಆರು. ಬಸ್ ವೇಗ: ಒಂದು ಅಡ್ಡಗೆರೆ.

ಭಾಯಿಗೆ ಫೋನ್ ಮಾಡಿದೆ. "ಬಸ್ ಎಲ್ಲಿ?"

"ಅದು ಈಗ ಇಲ್ಲ ಚಾಚಾ. ಕಂಪನಿಯವ್ರು ಆ ದಾರೀನೇ ತೆಗದು ಬಹಳ ವರ್ಷ ಆಯ್ತು. ಈಗ ಬ್ಯಾರೆ ವ್ಯವಸ್ಥಾ ಅದ."

ಗುಮಾಸ್ತೆ ಪೆನ್ನು ಕೆಳಗಿಟ್ಟಳು. ಅಧ್ಯಕ್ಷರು ಮತ್ತೆ ಎತ್ತಿಸಿದರು.

"ತೊಗರ್‍ಯಾಗ ಎಷ್ಟು ತಳಿ ಹೋಗಿ ತಿರುಗಿ ಬಂದಾವ. ಇದೂ ಬರ್ತದ. 'ಬಸ್ ಮುಂದೆ ಬರಲಿದೆ' ಅಂತ ಬರಿಯವ್ವ."

ಬರೆದಳು. ಮೂರು ಪ್ರತಿ. ಫೈಲು ಹೋಯಿತು. ಎಂಟು ದಿನದಲ್ಲಿ ಉತ್ತರ ಬಂತು.

"ಆರು ಗಿಗಾಹರ್ಟ್ಸ್ ಒಪ್ಪಿದೆ. ಎರಡು ಸಾವಿರದ ಬಸ್ ಮಾರುಕಟ್ಟೆಗೆ ಬಂದ ಕೂಡಲೇ ಖರೀದಿಸತಕ್ಕದ್ದು."

ಶಾಲಿನ ಜೊತೆ ಬಂದಿದ್ದ ನನ್ನ ಪೆನ್ನು ಗುಮಾಸ್ತೆಗೆ ಕೊಟ್ಟು ಬಂದೆ.